ಸೋತವರ ಅಂಗಿ

ವಿರೂಪಾಕ್ಷ,

ಕ್ಷೇಮ ಕೇಳುವುದಿಲ್ಲ. ನಿನ್ನಂಥವರಿಗೆ ಏನಾಗುತ್ತದೆ?

ಇವತ್ತು ನೇಸರಗಿ ಸಂತೆಯ ಹಳೆ ಬಟ್ಟೆಗಳ ರಾಶಿಯಲ್ಲಿ, ಯಾರೂ ತೊಡದ ಟೀಶರ್ಟ್ ಒಂದು ಸಿಕ್ಕಿತು. ಎದೆಯ ಮೇಲೆ ಅಟ್ಲಾಂಟಾ ತಂಡ ಸೂಪರ್ ಬೌಲ್ ಫೈನಲ್ ಗೆದ್ದಿದೆ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

"ತಗೋರಿ ಅಕ್ಕಾರ, ಗೆದ್ದವರ ಅಂಗಿ ಐತಿ" ಎಂದರು ಬಟ್ಟೆ ಮಾರುವ ಹಸನಸಾಬ.

"ಗೆದ್ದಿಲ್ರೀ ಕಾಕಾ, ಇವರು ಸೋತಾರ!" ನಾನು ಕೂಗಿದ್ದಕ್ಕೆ ಪಕ್ಕದ ಮೆಣಸಿನಕಾಯಿಯವಳು ತಿರುಗಿ ನೋಡಿದಳು.

ಆ ಫೈನಲ್ ನಡೆದ ಸೋಮವಾರ ಮುಂಜಾನೆ ನೆನಪಿದೆಯಾ? ಅಮೆರಿಕದ ಆ ಫುಟ್‌ಬಾಲ್ ನಿನ್ನದೇ ಹುಚ್ಚು. ನೀನು ಮುರಗೋಡದಲ್ಲಿ, ನಾನು ಬೈಲಹೊಂಗಲದಲ್ಲಿ, ಇಬ್ಬರೂ ಫೋನಿನಲ್ಲಿ ನೋಡುತ್ತಿದ್ದೆವು. ಅಟ್ಲಾಂಟಾ ಇಪ್ಪತ್ತೆಂಟು, ನ್ಯೂ ಇಂಗ್ಲೆಂಡ್ ಮೂರು. "ಮುಗೀತು, ಇನ್ನೇನ್ ನೋಡ್ತಿ? ಬಂದ್ ಮಾಡ" ಎಂದು ಮೆಸೇಜ್ ಹಾಕಿ ನೀನು ಎದ್ದುಹೋದೆ. ನಾನು ಕೊನೆಯವರೆಗೂ ಕೂತೆ. ನ್ಯೂ ಇಂಗ್ಲೆಂಡ್ ಗೆದ್ದಿತು. ಮುಗಿಯುವ ಮುಂಚೆ ಎದ್ದುಹೋಗುವುದು ನಿನ್ನ ಚಾಳಿ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಎರಡೂ ತಂಡಗಳಿಗೆ ಗೆಲುವಿನ ಅಂಗಿ ಮೊದಲೇ ಅಚ್ಚು ಹಾಕಿಸುತ್ತಾರೆ, ಸೋತವರದ್ದನ್ನು ದೂರದೇಶಕ್ಕೆ ಸಾಗಿಸುತ್ತಾರೆ ಎಂದು ನಗುತ್ತ ಹೇಳಿದವನೂ ನೀನೇ.

ಅಂಗಿ ಕೊಂಡು ತಂದೆ. ಅದರಿಂದಲೇ ಒಲೆಕಟ್ಟೆ ಒರೆಸಿದೆ. ಆದರೆ ನೀನು ಲಗ್ನ ಮುರಿದು ಹೋದ ಮೇಲೆ ಉಳಿದ ನಮ್ಮ ಲಗ್ನಪತ್ರಿಕೆಗಳು ಇನ್ನೂ ಕಪಾಟಿನಲ್ಲಿವೆ. ನಾಲ್ಕೂ ಮೂಲೆಗೆ ನಾನೇ ಅರಿಶಿಣ ಹಚ್ಚಿದ್ದೆ. ಒಲೆಗೆ ಹಾಕಲು ಹೋದರೆ ಅವ್ವ ಕೈ ಹಿಡಿಯುತ್ತಾಳೆ: "ಅರಿಶಿಣ ಹಚ್ಚಿದ್ದನ್ನ ಸುಡಬಾರದವಾ."

ಸೋತವರ ಅಂಗಿಗೆ ಬರಲು ನೇಸರಗಿಯಾದರೂ ಇತ್ತು. ಇವನ್ನು ನಾನು ಯಾವ ದೇಶಕ್ಕೆ ಕಳಿಸಲಿ, ಹೇಳು.

ಶಿವಲೀಲಾ