ಕೈಯಲ್ಲೇ ಇರಬೇಕಾದ ಹಗ್ಗ

ಗ್ರಿಮ್‌ಸ್ಟಾ
ಸೆಪ್ಟೆಂಬರ್ ೨೭, ಭಾನುವಾರ

ಪ್ರೀತಿಯ ಅಪ್ಪಾ,

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಮಗಳಿಂದ ಕಾಗದ ಎಂದರೆ ಲಕೋಟೆ ಒಡೆಯುವ ಮೊದಲೇ ನೀವು ಗಾಬರಿಯಾಗಿರುತ್ತೀರಿ. ನಾನು ನಪಾಸಾಗಿಲ್ಲ, ಕಾಯಿಲೆಯೂ ಬಿದ್ದಿಲ್ಲ. ಫೋನಿನಲ್ಲಿ ‘ದೋಣಿ’ ಎಂದರೆ ಸಾಕು, ‘ಇರು, ಅಮ್ಮನಿಗೆ ಕೊಡ್ತೀನಿ’ ಎಂದು ದಾಟಿಸಿಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಸೊಂಟನೋವು ಹೇಗಿದೆ? ನಾಯಿಯನ್ನು ಎತ್ತಿ ಕಾರಿಗೆ ಹತ್ತಿಸುವುದನ್ನು ಈಗಲಾದರೂ ಬಿಟ್ಟಿದ್ದೀರಾ? ನಾನು ಚೆನ್ನಾಗಿದ್ದೇನೆ. ತರಗತಿಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ. ನನ್ನ ನಾರ್ವೇಜಿಯನ್ ಕೇಳಿದವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ, ಇಂಗ್ಲಿಷ್ ಮಾತಾಡಿದರೆ ‘ನಿನ್ನ ಅಮ್ಮ ಇಲ್ಲಿಯವಳೇ ಅಲ್ವಾ’ ಎನ್ನುತ್ತಾರೆ. ಹೀಗೆ ಎರಡೂ ಕಡೆ ಅರ್ಧರ್ಧ ಆಗಿದ್ದೇನೆ.

ಹಾಗಾಗಿ ಶನಿವಾರವೆಲ್ಲ ದಡದಲ್ಲಿ ದೋಣಿ ಇಡುವ ಅಜ್ಜನ ಕೊಟ್ಟಿಗೆಯಲ್ಲೇ ಇರುತ್ತೇನೆ. ಅಜ್ಜ ಹೋದ ಮೇಲೆ ಅಮ್ಮ ದೋಣಿಯನ್ನು ಪಕ್ಕದ ಮನೆಯ ಹಾಲ್ಡಿಸ್ ಅಜ್ಜಿಗೆ ಕೊಟ್ಟಿದ್ದಳಲ್ಲ, ಈಗ ಅವರು ಅದನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ‘ನನಗೆ ಎಂಬತ್ತಾಯ್ತು, ಇದಕ್ಕೆ ನನಗಿಂತ ಜಾಸ್ತಿ. ಇಬ್ಬರು ಮುದುಕಿಯರು ಒಬ್ಬರನ್ನೊಬ್ಬರು ನೋಡ್ಕೊಳ್ಳೋದು ಸಾಕು. ನೀನು ತಗೋ. ಆದ್ರೆ ಹಾಯಿಯ ಹಗ್ಗ ಮಾತ್ರ ನೀನೇ ಕಟ್ಟಬೇಕು, ನಾನು ನೋಡ್ತೀನಿ’ ಎಂದರು. ಅಜ್ಜನಿಗಿಂತ ಮುಂಚೆಯೇ ಇಬ್ಬರ ಕೈ ದಾಟಿ ಬಂದ ದೋಣಿ ಅದು. ಹಲಗೆಗಳ ಟಾರಿನ ವಾಸನೆಗೆ ನಾನು ಒಮ್ಮೆಲೇ ಮತ್ತೆ ಎಂಟು ವರ್ಷದವಳಾಗಿಬಿಟ್ಟೆ.

ಕಟ್ಟುವುದು ಗೊತ್ತೇ ಇದೆ ಎಂದುಕೊಂಡಿದ್ದೆ. ಇಂಗ್ಲೆಂಡಿನಲ್ಲಿ ನೀವು ಓದಿದ ಹಾಸ್ಟೆಲ್ ಶಾಲೆಯಲ್ಲೇ ನಾನೂ ಓದಿದೆ, ನೀವು ಕಲಿತ ಕೆರೆಯಲ್ಲೇ ನಾನೂ ದೋಣಿ ಕಲಿತೆ. ಹಾಯಿಯ ಕೆಳಮೂಲೆಯಿಂದ ಹೊರಟ ಹಗ್ಗ ಹಿಂತುದಿಯ ರಾಟೆಯಲ್ಲಿ ಹಾದು ಕೂತವರ ಕಡೆ ಬರಬೇಕು, ಅಲ್ಲಿ ಅದನ್ನು ಹಲ್ಲಿನಂತೆ ಕಚ್ಚಿ ಹಿಡಿಯುವ ಕ್ಲೀಟ್ ಇರಬೇಕು. ಹಗ್ಗ ಕಚ್ಚಿಸಿಬಿಟ್ಟರೆ ಕೈ ಆರಾಮ. ದೋಣಿಯನ್ನೆಲ್ಲ ಹುಡುಕಿದರೂ ಕ್ಲೀಟ್ ಸಿಗಲಿಲ್ಲ. ಕಳಚಿಹೋಗಿರಬೇಕು ಎಂದುಕೊಂಡು ಹೊಸದು ತಂದೆ. ಚುಕ್ಕಾಣಿಯ ಪಕ್ಕ ಕೂತು, ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಹಲಗೆಯ ಮೇಲೆ ಗುರುತು ಹಾಕಿ ಭೈರಿಗೆ ಇಟ್ಟೆ.

ಭೈರಿಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಗಾಬರಿಯಾಗಿ ತೆಗೆದು, ಎಣ್ಣೆ ಕೊಳೆ ಒರೆಸಿ ನೋಡಿದೆ. ಹಳೆಯ ಓಕ್ ಹಲಗೆಯಲ್ಲಿ ತಿಳಿ ಬಣ್ಣದ ಮರದ ಎರಡು ಪುಟ್ಟ ಬಿರಡೆಗಳು. ಯಾರೋ ಹಿಂದೆ ಅಲ್ಲಿ ತಿರುಪು ಹಾಕಿದ್ದರು, ಇನ್ಯಾರೋ ಆ ತೂತುಗಳನ್ನು ಮುಚ್ಚಿದ್ದರು. ನಾನು ಇಟ್ಟ ಗುರುತು ಕೂದಲೆಳೆಯಷ್ಟೂ ಆಚೀಚೆ ಆಗದೆ ಅದರ ಮೇಲೇ ಬಿದ್ದಿತ್ತು. ಅಪ್ಪಾ, ಆ ಕೆರೆಯಲ್ಲಿ ಕಲಿತು ಈ ದೋಣಿಗೆ ಬಂದವರು ನಾವಿಬ್ಬರೇ. ನನ್ನ ಹೆಗಲ ಹಿಂದೆ ನೀವೇ ಕೂತಂತಿತ್ತು.

ಬಾಗಿಲಲ್ಲಿ ಹಾಲ್ಡಿಸ್ ಅಜ್ಜಿ ಕಾಫಿ ಹಿಡಿದು ನಗುತ್ತ ನಿಂತಿದ್ದರು. ‘ಬಂತು ನೋಡು, ಇನ್ನೊಂದು ಇಂಗ್ಲಿಷ್ ಇಲಿ, ಅದೇ ಬಿಲಕ್ಕೆ. ನಿಮ್ಮಪ್ಪಾನೂ ಹೀಗೇ, ಸಹಾಯ ಮಾಡ್ತೀನಿ ಅಂತ ಯಾರನ್ನೂ ಕೇಳದೆ ಜಡಿದುಬಿಟ್ಟ’ ಎಂದರು. ಹನ್ನೊಂದು ವರ್ಷದ ಹಿಂದಿನ ಆ ಕಥೆಯಲ್ಲಿ ಮಿಕ್ಕಿದ್ದನ್ನೂ ಅವರೇ ಹೇಳಿದರು. ಬಂಡೆಗಳ ಹತ್ತಿರ ಗಾಳಿ ತಿರುಗಿದಾಗ ಅಜ್ಜ ಮುಂದಿನಿಂದ ‘ಬಿಡು, ಬಿಡು’ ಎಂದದ್ದು, ಹಗ್ಗ ಕ್ಲೀಟಿನ ಹಲ್ಲಿಗೆ ಸಿಕ್ಕಿ ಬಿಡದೆ ಹೋದದ್ದು, ದೋಣಿ ಮಗುಚಿ ನೀವಿಬ್ಬರೂ ನೀರಿಗೆ ಬಿದ್ದದ್ದು. ನೀವು ತೊಯ್ದು ಬಂದದ್ದು ನನಗೆ ನೆನಪಿದೆ. ಮಳೆ ಎಂದಿದ್ದಿರಿ, ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆಮೇಲೆ ಬೇಸಿಗೆ ರಜೆಗೆ ಬರುತ್ತಿದ್ದವರು ನಾನೂ ಅಮ್ಮನೂ ಮಾತ್ರ. ಅಜ್ಜನ ಮಣ್ಣಿಗೂ ಅಮ್ಮ ಒಬ್ಬಳೇ ಬಂದಳು.

ಅಜ್ಜ ದಡ ಸೇರುವವರೆಗೆ ಒಂದು ಮಾತೂ ಆಡಲಿಲ್ಲ, ಆ ಮೌನವೇ ನಿಮ್ಮನ್ನು ಓಡಿಸಿತು ಎಂದು ಅಮ್ಮ ಒಮ್ಮೆ ಹೇಳಿದ್ದಳು. ಅದನ್ನು ಹೇಳಿದರೆ ಹಾಲ್ಡಿಸ್ ಅಜ್ಜಿ ಕಾಫಿ ಚೆಲ್ಲುವಷ್ಟು ನಕ್ಕರು. ‘ನಿಮ್ಮಜ್ಜ ಐವಿಂಡ್ ಮಾತಾಡಲಿಲ್ವಂತಾ? ಅವನ ಮದುವೇಲಿ ಪಾದ್ರಿ ಎರಡು ಸಲ ಕೇಳಬೇಕಾಯ್ತು ಕಣೇ, ಒಪ್ಪಿಗೆ ಇದೆಯೋ ಇಲ್ವೋ ಅಂತ. ಕೋಪ ಬಂದಿದ್ರೆ ಮಾತಾಡ್ತಿದ್ದ.’

ಇಲ್ಲಿಯವರು ಹಾಯಿಹಗ್ಗವನ್ನು ಎಲ್ಲಿಗೂ ಬಿಗಿಯುವುದಿಲ್ಲವಂತೆ. ಕ್ಲೀಟ್ ಇಲ್ಲ, ತುದಿಗೆ ಗಂಟೂ ಇಲ್ಲ. ಕೈ ಸೋತರೆ ಹಗ್ಗ ತಾನೇ ಜಾರಿಹೋಗಬೇಕು, ಹಾಯಿ ಸಡಿಲವಾಗಬೇಕು, ದೋಣಿ ನಿಂತುಬಿಡಬೇಕು. ‘ಹಗ್ಗ ಕಟ್ಟಿದವನು ಗಾಳಿಗೆ ಕಿವುಡ’ ಎಂದರು ಅಜ್ಜಿ. ಗೂಟದಲ್ಲಿ ಸುತ್ತಿಟ್ಟಿದ್ದ ಹಗ್ಗವೊಂದನ್ನು ತೆಗೆದುಕೊಟ್ಟರು. ಅದು ದೋಣಿಯ ಅಳತೆಗೆ ಸ್ವಲ್ಪ ದಪ್ಪವೇ ಇತ್ತು, ಮುಟ್ಟಿದರೆ ಉಣ್ಣೆಯಷ್ಟು ಮೆತ್ತಗೆ. ರಾಟೆಯಲ್ಲಿ ಕಷ್ಟಪಟ್ಟು ಹಾದುಹೋಯಿತು. ಹಾಯಿಯ ಮೂಲೆಯ ಗಂಟನ್ನು ಮಾತ್ರ ಮೂರು ಸಲ ಬಿಚ್ಚಿಸಿ ಮೂರು ಸಲ ಕಟ್ಟಿಸಿದರು.

ಇವತ್ತು ಬೆಳಿಗ್ಗೆ ಇಬ್ಬರೂ ಕೊಲ್ಲಿಗೆ ಇಳಿದೆವು. ಅಪ್ಪಾ, ಹೇಗೆ ಹೇಳಲಿ. ಕೆರೆಯಲ್ಲಿ ಆರು ವರ್ಷ ನಾನು ಗಾಳಿಯನ್ನು ಬಾವುಟ ನೋಡಿ ತಿಳಿದುಕೊಳ್ಳುತ್ತಿದ್ದೆ. ಇಲ್ಲಿ ಅದು ಕೈಗೇ ಬಂತು. ಗಾಳಿ ತಾಗಿ ನೀರಿನ ಮೇಲೆ ಕಪ್ಪು ಕಾಣುವ ಮೊದಲೇ ಹಗ್ಗ ಒಮ್ಮೆ ಮಿಡಿಯಿತು, ದನ ಕಿವಿ ಅಲ್ಲಾಡಿಸಿದ ಹಾಗೆ. ಆಮೇಲೆ ಎಳೆಯಿತು. ಒಂದು ಗೇಣು ಬಿಟ್ಟೆ, ಹಲಗೆಗಳ ಕೆಳಗೆ ನೀರು ದನಿ ಬದಲಿಸಿತು. ಅರ್ಧ ಗೇಣು ಎಳೆದುಕೊಂಡೆ, ದೋಣಿ ತಲೆಯೆತ್ತಿ ಓಡಿತು. ಇಷ್ಟು ದೊಡ್ಡ ಸಮುದ್ರ, ಇಷ್ಟು ದೊಡ್ಡ ಆಕಾಶ, ಎಲ್ಲವೂ ಸೇರಿ ನನ್ನ ನಾಲ್ಕು ಬೆರಳುಗಳನ್ನು ಏನೋ ಕೇಳುತ್ತಿತ್ತು, ನಾನು ಉತ್ತರ ಕೊಡುತ್ತಿದ್ದೆ. ನನಗೆ, ಎಲ್ಲದಕ್ಕೂ ಹೆದರುವ ನನಗೆ, ಅರ್ಧ ಗಂಟೆ ಹೆದರಿಕೆ ನೆನಪಾಗಲಿಲ್ಲ. ನಿಮ್ಮ ಬಂಡೆಗಳ ಪಕ್ಕದಲ್ಲೇ ಹೋದೆವು. ಗಾಳಿ ತಿರುಗಿತು, ‘ಬಿಡು’ ಎಂದರು ಅಜ್ಜಿ. ಬಿಟ್ಟೆ, ಅಷ್ಟೆ. ಹಾಯಿ ಪಟಪಟ ಬಡಿದುಕೊಂಡು ಸುಮ್ಮನಾಯಿತು.

ಅಮ್ಮನನ್ನು ಕೇಳಿದೆ ಎಂದು ಹೇಳಿ. ನಾಯಿಯ ಕಿವಿ ಒಮ್ಮೆ ತುರಿಸಿ. ಸೊಂಟಕ್ಕೆ ಶಾಖ ಕೊಡುವುದನ್ನು ಮರೆಯಬೇಡಿ.

ನಿಮ್ಮ ಮಗಳು,
ಸಿಗ್ನೆ

ಮ. ವಿ.: ಲಕೋಟೆಗೆ ಅಂಟು ಹಚ್ಚುವ ಮೊದಲು ಹಾಲ್ಡಿಸ್ ಅಜ್ಜಿಯ ಹತ್ತಿರ ಓಡಿಹೋಗಿ ಕೇಳಿ ಬಂದೆ, ಆ ಹಗ್ಗ ಅಷ್ಟು ದಪ್ಪ ಯಾಕೆ ಎಂದು. ನೀವು ಮಗುಚಿದ ವರ್ಷದ ಚಳಿಗಾಲದಲ್ಲಿ ಅಜ್ಜನೇ ಅದನ್ನು ಹೆಣೆದರಂತೆ. ಅವರ ಕೈಗೆ ಸಣ್ಣ ಹಗ್ಗವೇ ರೂಢಿ. ‘ಅಳಿಯನದು ಆಫೀಸಿನ ಕೈ, ಸಣ್ಣ ಹಗ್ಗ ಕೊಯ್ಯುತ್ತೆ’ ಎಂದರಂತೆ, ಆ ಚಳಿಗಾಲದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದೇ ಎನ್ನುತ್ತಾರೆ ಅಜ್ಜಿ. ಪ್ರತಿ ಬೇಸಿಗೆಯಲ್ಲೂ ಅದನ್ನು ಗೂಟದಿಂದ ಇಳಿಸಿ, ಬಿಸಿಲಿಗೆ ಹಾಕಿ, ಮತ್ತೆ ಸುತ್ತಿ ಅಲ್ಲೇ ಇಡುತ್ತಿದ್ದರಂತೆ. ಅಕ್ಟೋಬರ್ ಹತ್ತಕ್ಕೆ ದೋಣಿಯನ್ನು ನೀರಿನಿಂದ ಮೇಲೆತ್ತುತ್ತೇವೆ. ಅದಕ್ಕೆ ಮುಂಚೆ ಬನ್ನಿ ಅಪ್ಪಾ, ಹಗ್ಗ ನೀವು ಹಿಡಿಯಿರಿ, ‘ಬಿಡು’ ಎನ್ನುವುದಕ್ಕೆ ಮುಂದೆ ನಾನು ಕೂರುತ್ತೇನೆ. ಬರುತ್ತೀರೋ ಇಲ್ಲವೋ, ಬೇಗ ಬರೆಯಿರಿ.