ಮಂಡಕ್ಕಿ ಡಬ್ಬಿಯಲ್ಲಿ ಹೂತಿಟ್ಟ ಪಂಪು

ದಾವಣಗೆರೆ
ಫೆಬ್ರವರಿ ೩೦, ೨೧೯೮

ಶಿವಲೀಲಜ್ಜಿಯವರೇ,

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಾನು ಮಧುಮತಿ, ನಿಮ್ಮ ಕಿರಿಮಗಳು ದಾಕ್ಷಾಯಿಣಿಯ ವಂಶದವಳು. ಹರಿಹರದವರು ನಿಮ್ಮ ಹಿರಿಮಗಳು ಸರ್ವಮಂಗಳೆಯನ್ನು ನೋಡಿ ಒಪ್ಪಿಹೋದ ಮರುದಿನವೇ ಈ ಪತ್ರ ನಿಮ್ಮ ಕೈಸೇರುವಂತೆ ಕಳಿಸುತ್ತಿದ್ದೇನೆ.

ಅವರು ಬರುವ ಮೊದಲು ನೀವು ಅವಳು ಉಬ್ಬಸಕ್ಕೆ ಬಾಯಿಂದ ಔಷಧಿ ಎಳೆದುಕೊಳ್ಳುವ ಕಂದು ಬಣ್ಣದ ಪಂಪನ್ನು ಮಂಡಕ್ಕಿ ಡಬ್ಬಿಯಲ್ಲಿ ಹೂತಿಟ್ಟಿರಿ. "ಎರಡು ವರ್ಷದಿಂದ ಉಬ್ಬಸ ಬಂದಿಲ್ಲ, ಇನ್ಯಾಕೆ ಅದು? ರೂಢಿ ಆಗ್ಬಿಟ್ರೆ ಬಿಡಿಸೋಕಾಗಲ್ಲ. ಮದುವೆ ಆಗೋವರೆಗೂ ಮುಟ್ಬೇಡ" ಎಂದಿರಿ. ದಾಕ್ಷಾಯಿಣಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಉಬ್ಬಸ ಬಾರದೆ ಇದ್ದದ್ದು ಆ ಪಂಪಿನಿಂದಲೇ ಎಂದು ನಿಮಗೆ ಒಮ್ಮೆಯೂ ಹೊಳೆಯಲಿಲ್ಲವೇ?

ನಮ್ಮ ಶಾಲೆಗಳಲ್ಲಿ ಒಳಗನ್ನಡಿ ಎಂಬುದಿದೆ. ಎದೆಗೆ ಹಿಡಿದರೆ ಶ್ವಾಸನಾಳದ ಒಳಮೈ ಕಾಣುತ್ತದೆ. ಉಬ್ಬಸದ ಮಕ್ಕಳು ಪ್ರಾರ್ಥನೆಗೆ ಮೊದಲು ಸಾಲಾಗಿ ನಿಂತು ನೋಡಿಕೊಳ್ಳುತ್ತಾರೆ. ನಾನೂ ಹಾಗೆ ನಿಂತವಳೇ. ಕೆಮ್ಮೇ ಇಲ್ಲದ ದಿನವೂ ನಾಳ ಕೆಂಪಗೆ ಊದಿ, ಲೋಳೆ ಕಟ್ಟಿ, ದಾರಿ ಕಿರಿದಾಗಿರುವುದುಂಟು. ನೀವು ಹೂತಿಟ್ಟ ಆ ಔಷಧಿಯನ್ನು ದಿನಾ ಎಳೆದುಕೊಂಡರೆ ವಾರಗಳು ಕಳೆದಂತೆ ಊತ ಇಳಿಯುತ್ತದೆ, ಹೊಗೆ ಧೂಳಿಗೆ ನಾಳ ರೇಗುವುದು ಕಡಿಮೆಯಾಗುತ್ತದೆ. ನಿಲ್ಲಿಸಿದರೆ ಸದ್ದಿಲ್ಲದೆ ಮತ್ತೆ ಊದುತ್ತದೆ. ನೀವು ಅವಳ ಬಳಿ ಬಿಟ್ಟ ನೀಲಿ ಪಂಪು ಬಿಗಿದ ನಾಳವನ್ನು ಆ ಹೊತ್ತಿಗೆ ಸಡಿಲಿಸುತ್ತದೆ, ಅಷ್ಟೆ; ಊತದ ತಂಟೆಗೆ ಹೋಗುವುದಿಲ್ಲ. ನಿಮ್ಮ ಡಾಕ್ಟರು ಇದನ್ನೇ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದ್ದರು. ನಮ್ಮ ಕನ್ನಡಿ ನಿಮಗಿರಲಿಲ್ಲ, ಒಪ್ಪಿದೆ. ಹೇಳುವವರಿದ್ದರಲ್ಲ! ತಲೆಯಾಡಿಸಿ ಮನೆಗೆ ಬಂದು, ಬೀಗರು ಏನಂದಾರೋ ಎಂದು ಮಗಳ ಉಸಿರನ್ನೇ ಬಚ್ಚಿಟ್ಟಿರಿ. ಎಂಥ ತಾಯಿ ನೀವು?

ಇನ್ನು ಐದು ವಾರಕ್ಕೆ ನಿಶ್ಚಿತಾರ್ಥ. ಅಂದು ಬೆಳಗ್ಗೆ ಪಕ್ಕದ ಮಂಡಕ್ಕಿ ಭಟ್ಟಿಯ ಹೊಗೆ ಶಾಮಿಯಾನದೊಳಕ್ಕೆ ನುಗ್ಗುತ್ತದೆ. ಸರ್ವಮಂಗಳೆ ನೀಲಿ ಪಂಪನ್ನು ಹನ್ನೊಂದು ಸಲ ಒತ್ತುತ್ತಾಳೆ. ಆಸ್ಪತ್ರೆ ಮುಟ್ಟುವ ಮೊದಲೇ ಆಟೋದಲ್ಲಿ, ನಿಮ್ಮ ತೊಡೆಯ ಮೇಲೆ, ಅವಳ ಉಸಿರು ನಿಲ್ಲುತ್ತದೆ. ವರ್ಷ ತುಂಬುವುದರೊಳಗೆ ಅದೇ ಗಂಡಿಗೆ ದಾಕ್ಷಾಯಿಣಿಯನ್ನು ಕೊಡುತ್ತೀರಿ. ನಾನು ಆ ಮದುವೆಯಿಂದ ಬಂದವಳು.

ಇವತ್ತೇ ಆ ಪಂಪು ತೆಗೆದು ಅವಳ ಕೈಗೆ ಕೊಡಿ. ಡಾಕ್ಟರು ಹೇಳಿದಷ್ಟೇ, ಬೆಳಗ್ಗೆ ಸಂಜೆ ತಪ್ಪದೆ. ಆಮೇಲೆ ಬಾಯಿ ಮುಕ್ಕಳಿಸಲಿ. ಹರಿಹರದ ಸೊಸೆ ಅವಳೇ ಆಗಲಿ.

ಆಗ ನಾನು ಹುಟ್ಟುವುದಿಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ. ತಡಮಾಡಬೇಡಿ.

ಮಧುಮತಿ