ಮೊದಲು ಬಡಿಸಿದ ಮೊಸರು

ಮತ್ತೋಡು,
೨೧-೩-೧೯೭೬, ಭಾನುವಾರ

ಪ್ರೀತಿಯ ಅತ್ತೆಮ್ಮನಿಗೆ,

ನಿಮ್ಮ ಸೊಸೆ ಏಕನಾಥಮ್ಮ ಕಾಲು ಮುಟ್ಟಿ ಮಾಡೋ ನಮಸ್ಕಾರ. ಕಾಲು ಅಂದ ಮೇಲೆ ಮೊದಲು ಅದನ್ನೇ ಕೇಳಿಬಿಡ್ತೀನಿ. ಬಲಗಾಲಿನ ಹೆಬ್ಬೆರಳ ಸಂದಿಯ ಗಾಯ ಹೆಂಗೈತೆ? ನೀರು ಸೋರೋದು ನಿಂತೈತಾ, ಇನ್ನೂ ಸೋರ್ತೈತಾ? ದಿನಾ ಉಗುರುಬೆಚ್ಚನೆ ನೀರಲ್ಲಿ ತೊಳೆದು, ಬಟ್ಟೇಲಿ ಒತ್ತಿ ಒರೆಸಿ, ಡಾಕ್ಟ್ರು ಕೊಟ್ಟ ಪುಡಿ ಉದುರಿಸಬೇಕು. ನೀವು ಮಾಡಿಕೊಳ್ಳಲ್ಲ, ನನಗೆ ಗೊತ್ತು. ಎಮ್ಮೆ ತುಳಿದ ಕಾಲಿಗೂ ಎಕ್ಕದ ಹಾಲು ಹಚ್ಚಿ ಹೊಲಕ್ಕೆ ಹೋದೋರು ನೀವು. ಈ ಗಾಯ ಅಂಥದ್ದಲ್ಲ ಅತ್ತೆಮ್ಮ. ಎಕ್ಕದ ಹಾಲು, ಬೂದಿ, ಸುಣ್ಣ ಏನೂ ಬೇಡ, ಕೈಮುಗೀತೀನಿ.

ಅಲ್ಲಿ ಮಗಳು ನಿಂಗಕ್ಕನ ಮನೇಲಿ ನಿಮಗೆ ಕಾಗದ ಓದಿ ಹೇಳೋದು ಅಳಿಯ ಕಾಟಲಿಂಗಪ್ಪಣ್ಣನೇ ತಾನೆ. ಅಣ್ಣ, ನಿಮ್ಮಲ್ಲಿ ಒಂದು ಕೋರಿಕೆ. ನಡುವೆ ಹಾರಿಸಬೇಡ್ರಿ. ಹೋದ ವರ್ಷ ನಾನು ಬೆರಳು ನೋಯೋ ಹಂಗೆ ಮೂರು ಹಾಳೆ ಬರೆದ್ರೆ, ನೀವು ಚುಟ್ಟ ಹಚ್ಕಂಡು, ಎಲ್ಲಾ ಚೆನ್ನಾಗವ್ರಂತೆ ಅಂತ ಒಂದೇ ಮಾತಲ್ಲಿ ಮುಗಿಸಿದ್ರಂತೆ. ನಿಂಗಕ್ಕನೇ ಹೇಳಿದ್ಲು. ಈ ಸಲ ಅಕ್ಷರ ಅಕ್ಷರ ಓದ್ರಿ. ಕೊನೇತನಕ ಓದ್ರಿ.

ಇಲ್ಲಿ ಮನೆ ಕಡೆ ಎಲ್ಲಾ ಐತೆ, ನೀವಿಲ್ಲ ಅಷ್ಟೇ. ಕುರಿ ಏಳು ಮರಿ ಹಾಕ್ಯವೆ, ಅದರಲ್ಲಿ ಒಂದಕ್ಕೆ ಹಣೆ ಮೇಲೆ ಬಿಳೀ ನಾಮ. ಕೆಂಪಾಕಳು ಹಾಲು ಬತ್ತಿಸಿಬಿಟ್ಟೈತೆ. ನೀವು ಕೈಯಿಟ್ರೆ ಇನ್ನೂ ಹದಿನೈದು ದಿನ ಕೊಡ್ತಿತ್ತೇನೋ, ನನಗೆ ಒದೆ ಕೊಡ್ತು. ನಿಮ್ಮ ಮಗ ಉಣ್ಣೋವಾಗ ನೀವು ಕುಂತ್ಕಳ್ಳೋ ಕಂಬದ ಕಡೆ ನೋಡ್ತಾರೆ, ಮುದ್ದೆ ಮುರೀತಾರೆ, ಏಳ್ತಾರೆ. ಮೊಮ್ಮಗಳು ಮಾತ್ರ ಬಾಯಿ ಬಿಟ್ಟು ಕೇಳ್ತಾಳೆ, ಅಜ್ಜಿ ಯಾವಾಗ ಬರ್ತಾಳೆ ಅಂತ. ಇವತ್ತಿಗೆ ಹದಿನೇಳು ದಿನ ಆಯ್ತು ಅಂತ ಅವಳಿಗೆ ಹೇಳಿದೆ. ನಾಳೆ ಹದಿನೆಂಟು ಅಂತಾಳೆ.

ಮೊನ್ನೆ ನೆಲುವಿನ ಮೇಲಿನ ಮಡಕೆ ಇಳಿಸೋವಾಗ ನಾನು ಈ ಮನೆಗೆ ಬಂದ ವರ್ಷ ನೆನಪಾಯ್ತು. ಹದಿನಾಕು ವರ್ಷ ಆಯ್ತಲ್ಲ ಅತ್ತೆಮ್ಮ. ನಮ್ಮ ತುರುವನೂರಿನ ಮನೇಲಿ ಹಸುನೂ ಇರಲಿಲ್ಲ, ಕುರಿನೂ ಇರಲಿಲ್ಲ. ನಮ್ಮವ್ವ ಕೆಲಸ ಮಾಡೋ ಮನೆಯಿಂದ ಚೆಂಬಿನಲ್ಲಿ ಮಜ್ಜಿಗೆ ತರೋಳು. ಅದರಲ್ಲಿ ಮಜ್ಜಿಗೆಗಿಂತ ಬಾವಿ ನೀರೇ ಜಾಸ್ತಿ. ಅದನ್ನೇ ನಾವು ಮೊಸರು ಅಂತಿದ್ವಿ. ಇಲ್ಲಿ ಮೊದಲನೇ ಊಟಕ್ಕೆ ನೀವು ಕುರಿ ಹಾಲಿನ ಮೊಸರಿನ ಕುಡಿಕೆ ತಂದ್ರಿ. ನನ್ನ ಎಲೆ ಮೇಲೆ ಕುಡಿಕೆ ಬೋರಲು ಹಾಕಿ ಹಿಡಿದ್ರಿ, ಒಂದು ಹನಿ ಬೀಳಲಿಲ್ಲ. ನಾನು ಬೆಪ್ಪಾಗಿ ನೋಡ್ತಿದ್ದೆ. ನೀವು ಸೌಟಿನಂಚಿನಲ್ಲಿ ಕೊಯ್ದು ಹಾಕಿದ್ರಿ, ಅದು ಎಲೆ ಮೇಲೆ ಹಂಗೇ ನಿಂತ್ಕಂತು. ಕೆನೆ ಬೆರಳಿಗೆ ಅಂಟಿ ಬಂತು. ಅವತ್ತು ನನಗೆ ಅಳು ಬಂದಿತ್ತು, ತವರು ಬಿಟ್ಟಿದ್ದಕ್ಕೆ ಅಂತ ನೀವೆಲ್ಲ ತಿಳಕಂಡ್ರಿ. ತವರಿಗಲ್ಲ. ನಮ್ಮವ್ವ ಇಂಥಾದ್ದು ಒಂದು ಸಲನಾದ್ರೂ ತಿನ್ನಲಿಲ್ಲವಲ್ಲ ಅಂತ ಬಂದ ಅಳು ಅದು.

ಆಮೇಲೆ ಮಗಳು ಹುಟ್ಟಿದಾಗ ನನಗೆ ಎದೆಹಾಲು ಸಾಲದೆ ಬಂತಲ್ಲ. ದಿನಾ ಬೆಳಗ್ಗೆ ಮಡಕೆ ಕೆನೆಯೆಲ್ಲ ತೆಗೆದು, ಮೆಣಸು ಕುಟ್ಟಿ ಹಾಕಿ, ಬಟ್ಟಲನ್ನ ಸೆರಗಲ್ಲಿ ಮುಚ್ಚಿಟ್ಕಂಡು ನನ್ನ ಕೋಣೆಗೆ ತರೋರು ನೀವು. ಬೆಣ್ಣೆ ಕಮ್ಮಿ ಬಂತಲ್ಲ ಅಂತ ಮಾವ ಕೇಳಿದ್ರೆ ಬೆಕ್ಕು ತಿಂತು ಅಂತಿದ್ರಿ. ಪಾಪ, ಮಾವ ಮನೇಲಿ ಇಲ್ಲದ ಬೆಕ್ಕಿಗೆ ಕೋಲು ಹಿಡ್ಕಂಡು ಮೂರು ದಿನ ಹೊಂಚು ಹಾಕಿದ್ರು. ನಾಕನೇ ದಿನ, ನಿನ್ನ ಬೆಕ್ಕಿಗೆ ಕೂಸು ಐತೆ, ತಿನ್ನಲಿ ಬಿಡು ಅಂದ್ರಂತೆ. ಅವರಿಗೆ ಮೊದಲಿಂದಾನೂ ಗೊತ್ತಿತ್ತು ನೋಡ್ರಿ. ಅವರು ಹೋಗಿ ಐದು ವರ್ಷ ಆದ್ರೂ, ಕೆನೆ ತೆಗೆಯೋವಾಗೆಲ್ಲ ಅವರ ಕೆಮ್ಮು ಕೇಳಿದಂಗಾಗ್ತೈತೆ. ನನ್ನ ಹೊಟ್ಟೆ ತಂಪಾಗಿದ್ದು ಈ ಮನೇಲಿ, ನಿಮ್ಮ ಕೈಯಿಂದ.

ಅಂಥಾ ನಿಮಗೆ ಊಟ ಬಿಡಿಸೋ ಕೆಲಸ ನನ್ನ ಪಾಲಿಗೆ ಬಂತು. ಸಂಕ್ರಾಂತಿ ಕಳೆದ ಮೇಲೆ ಚಿತ್ರದುರ್ಗದ ಡಾಕ್ಟ್ರ ಹತ್ರ ಹೋದ್ವಲ್ಲ, ನೀಲಿ ಔಷಧಿಗೆ ನಿಮ್ಮ ಉಚ್ಚೆ ಎಂಟು ತೊಟ್ಟು ಹಾಕಿ ದೀಪದ ಮೇಲೆ ಕಾಸಿದ್ರೆ ಇಟ್ಟಿಗೆ ಬಣ್ಣ ಬಂತು. ಸಕ್ಕರೆ ಕಾಯಿಲೆ ಬಲಿತೈತೆ ಅಂದ್ರು. ಅನ್ನ ಬಿಡಬೇಕು, ಬೆಲ್ಲ ಬಿಡಬೇಕು, ಮುದ್ದೆ ನಿಂಬೆಹಣ್ಣಿನ ಗಾತ್ರ, ಅದೂ ಒಂದು ಹೊತ್ತು. ಮೊಸರು, ಬೆಣ್ಣೆ, ಸೊಪ್ಪು, ಶೇಂಗಾ ತಿನ್ನಲಿ ಅಂದ್ರು. ನೀವು ಹೊಳಲ್ಕೆರೆ ಬಸ್ ಸ್ಟಾಂಡಿನಲ್ಲಿ ಇಳಿದವರೇ ಕಬ್ಬಿನ ಹಾಲು ಬೇಕು ಅಂತ ಕುಂತ್ರಿ. ಡಾಕ್ಟ್ರು ಸಕ್ಕರೆ ಬಿಡು ಅಂದ್ರು, ಕಬ್ಬು ಬಿಡು ಅನ್ನಲಿಲ್ಲ ಅಂತ ವಾದ ಬೇರೆ. ಅಕ್ಕಪಕ್ಕದವರೆಲ್ಲ ನಕ್ಕರು, ನಾನೂ ನಕ್ಕೆ. ಆದ್ರೆ ಹೊರಡೋವಾಗ ಡಾಕ್ಟ್ರು ನನ್ನೊಬ್ಬಳನ್ನೇ ನಿಲ್ಲಿಸಿ, ಬಾಯಿ ಕಟ್ಟದಿದ್ರೆ ಆ ಬೆರಳು ತೆಗೀಬೇಕಾಗ್ತೈತೆ, ಆಮೇಲೆ ಪಾದ, ಅಂದಿದ್ರು. ಅದನ್ನ ನಿಮಗೆ ಹೇಳಿರಲಿಲ್ಲ, ಹೆದರ್ತೀರಿ ಅಂತ. ಈಗ ಹೇಳ್ತಿದೀನಿ.

ಅವತ್ತಿಂದ ನಾನು ಪಟ್ಟ ಪಾಡು ನಿಮಗೆ ಗೊತ್ತು. ಹೊಟ್ಟೆ ತುಂಬ ಮುದ್ದೆ ಇಲ್ಲದ ಊಟ ನಿಮಗೆ ಊಟ ಅನಿಸಬೇಕಲ್ಲ. ತಟ್ಟೆಗೆ ಮೊದಲು ಸೊಪ್ಪು ಇಕ್ಕಿದೆ, ಆಮೇಲೆ ಹಾಗಲಕಾಯಿ ಪಲ್ಯ, ಬದನೆಕಾಯಿ ಎಣಗಾಯಿ, ಹಬ್ಬದೂಟದ ಥರ ಸಾಲಾಗಿ ಇಕ್ಕಿ, ಕಡೇಗೆ ಮೊಸರು. ಸೌತೆಕಾಯಿ ತುರಿದು ಮೊಸರಿಗೆ ಹಾಕಿದೆ. ಹುಚ್ಚೆಳ್ಳು ಪುಡಿ ಕಲಸಿದೆ. ನೀವು ತಿಂದ್ರಿ, ಚೆನ್ನಾಗೈತೆ ಅಂದ್ರಿ, ಬೆರಳು ನೆಕ್ಕಿದ್ರಿ. ಆದ್ರೆ ವಾರ ವಾರ ಡಾಕ್ಟ್ರು ಕೊಟ್ಟ ನೀಲಿ ಔಷಧಿ ಮನೇಲೇ ಕಾಸಿ ನೋಡಿದ್ರೆ ಅದೇ ಇಟ್ಟಿಗೆ ಬಣ್ಣ. ಸಕ್ಕರೆ ಕಮ್ಮಿಯಾಗಿದ್ರೆ ಹಸಿರಿಗೆ ಇಳಿಯಬೇಕಿತ್ತು, ಇಳಿಯಲೇ ಇಲ್ಲ. ನನ್ನ ಕೈಯಲ್ಲೇ ಏನೋ ತಪ್ಪೈತೆ ಅಂತ ಮೊಸರು ಕಮ್ಮಿ ಮಾಡಿದೆ, ಶೇಂಗಾ ನಿಲ್ಲಿಸಿದೆ, ದೇವರಿಗೆ ಹರಕೆ ಕಟ್ಟಿದೆ. ಶಿವರಾತ್ರಿ ಕಳೆದ ನಾಕನೇ ದಿನ ಹಿತ್ತಿಲ ಮನೆ ಈರಕ್ಕ ಬೇಲಿ ಹತ್ರ ನನ್ನ ಕರೆದು ಹೇಳಿದ್ಲು. ನಿಮ್ಮತ್ತೆ ದಿನಾ ಮಧ್ಯಾಹ್ನ ನಮ್ಮನೇಲಿ ಎರಡು ಮುದ್ದೆ ಉಣ್ತಾರೆ, ಸೊಸೆ ಹೊಟ್ಟೆಗೆ ಹಾಕಲ್ಲ ಅಂತ ಕಣ್ಣೀರು ಹಾಕ್ತಾರೆ ಕಣೇ, ಅಂದ್ಲು.

ಮುದ್ದೆಗೆ ನಾನು ಬೇಜಾರು ಮಾಡ್ಕಳ್ಳಲಿಲ್ಲ ಅತ್ತೆಮ್ಮ. ಆಸೆ ಯಾರಿಗಿಲ್ಲ. ಸೊಸೆ ಹೊಟ್ಟೆಗೆ ಹಾಕಲ್ಲ ಅನ್ನೋ ಮಾತು ಎದೆಗೆ ನಾಟ್ತು. ನನಗೆ ಕೆನೆ ತಿನ್ನಿಸಿದ ಬಾಯಲ್ಲಿ ಆ ಮಾತು ಬಂತಲ್ಲ ಅಂತ ಒಲೆ ಮುಂದೆ ಕುಂತು ಅತ್ತುಬಿಟ್ಟೆ. ಅವತ್ತು ನೀವು ಊಟಕ್ಕೆ ಕುಂತಾಗ ಖಾಲಿ ತಟ್ಟೆಗೆ ಮೊದಲು ಬಿದ್ದಿದ್ದು ಮೊಸರು. ನಮ್ಮಲ್ಲಿ ಮೊಸರು ಬಂತು ಅಂದ್ರೆ ಊಟ ಮುಗೀತು, ಇನ್ನು ಏಳು ಅಂತ ಅರ್ಥ. ಉಣ್ಣೋಕೆ ಮೊದಲೇ ಮೊಸರು ಇಕ್ಕಿದ್ರೆ, ನಿನಗೆ ಇಲ್ಲಿ ಊಟ ಇಲ್ಲ, ಎದ್ದು ಹೋಗು ಅಂದಂಗೆ. ನೀವು ತಟ್ಟೆ ನೋಡಿದ್ರಿ, ನನ್ನ ಮುಖ ನೋಡಿದ್ರಿ.

"ಈ ಮನೇಲಿ ನಂದು ಊಟ ಮುಗೀತೇನೇ?" ಅಂದ್ರಿ.

ನಾನು ಒಲೆ ಕಡೆ ತಿರುಗ್ಕಂಡೆ. ನೀವು ಕೈ ತೊಳೆದು, ಎರಡು ಸೀರೆ ಗಂಟು ಕಟ್ಕಂಡು, ಆ ಕಾಲಲ್ಲೇ ಕುಂಟ್ಕಂಡು ಬಸ್ಸಿಗೆ ಹೋದ್ರಿ. ಹಿರಿಯೂರಲ್ಲಿ ಬಸ್ ಬದಲಾಯಿಸಿ ಧರ್ಮಪುರ ಸೇರೋ ಹೊತ್ತಿಗೆ ಗಾಯ ಎಷ್ಟು ಉಬ್ಬಿತ್ತು ಅಂತ ನಿಂಗಕ್ಕನ ಕಾಗದ ಬಂದ ಮೇಲೆ ಗೊತ್ತಾಯ್ತು. ನಿಮ್ಮ ಮಗ ಕೇಳಿದಾಗ, ಸೊಪ್ಪು ಇನ್ನೂ ಬೆಂದಿರಲಿಲ್ಲ, ಹಸಿದಿದ್ರಲ್ಲ ಅಂತ ಮೊಸರು ಇಕ್ಕಿದೆ, ಗ್ಯಾನ ಇರಲಿಲ್ಲ ಅಂದೆ. ಅವರೂ ಹೌದು ಅಂದ್ರು, ಈರಕ್ಕನೂ ಪಾಪ ಅಂದ್ಲು. ಪಥ್ಯದ ಗಲಾಟೇಲಿ ಸೊಸೆ ಗ್ಯಾನ ತಪ್ಪಿದ್ಲು ಅಂತ ಊರೆಲ್ಲ ನನ್ನ ಪರವೇ ಮಾತಾಡ್ತು.

ನೀವು ಹೋದ ಮೇಲೆ ಬಿಟ್ಟೂ ಬಿಡದೆ ಮೊಸರಿನ ಕೆಲಸಾನೇ ಮಾಡ್ತಿದೀನಿ. ಮೊಸರನ್ನ ತೆಳ್ಳನೆ ಪಂಚೇಲಿ ಕಟ್ಟಿ ಗೂಟಕ್ಕೆ ನೇತು ಹಾಕಿದೆ. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ನೀರೆಲ್ಲ ಇಳಿದು ಬೆಣ್ಣೆ ಥರ ಗಟ್ಟಿಯಾಯ್ತು. ಅದನ್ನ ಸಣ್ಣ ಮುದ್ದೆ ಮಾಡಿ, ತಟ್ಟೆ ನಡುವೆ ಇಟ್ಟು, ಸುತ್ತ ಹುರುಳಿ ಕಟ್ಟಿನ ಸಾರು ತೆಳ್ಳಗೆ ಬಿಟ್ಟು, ಮುರಿದು ಮುರಿದು ಅದ್ದಿ ತಿಂದ್ರೆ, ಅತ್ತೆಮ್ಮ, ಕಣ್ಣು ಮುಚ್ಕಂಡ್ರೆ ಮುದ್ದೆನೇ. ಗಂಟಲಲ್ಲಿ ಅದೇ ನುಣುಪು, ಆದ್ರೆ ಒಂಚೂರು ಹುಳಿ. ಮೊಮ್ಮಗಳು ಇದಕ್ಕೆ ಬಿಳೀ ಮುದ್ದೆ ಅಂತ ಹೆಸರಿಟ್ಟವ್ಳೆ. ಆಕಳು ಬತ್ತಿದ ಮೇಲೆ, ಕುರಿ ಹಾಲು ಮರಿಗಳಿಗೇ ಸಾಲದೆ, ಶೇಂಗಾ ನೆನೆಸಿ, ರುಬ್ಬಿ, ಸೋಸಿ, ಹಾಲು ಮಾಡಿ, ಕಾಸಿ ಹೆಪ್ಪು ಹಾಕಿದೆ. ಮೊದಲನೇ ಸಲ ಒಡೆದು ಹೋಯ್ತು, ಗೊಡ್ಡೆಮ್ಮೆಗೆ ಕುಡಿಸಿದೆ, ಅದೂ ಮೂಗು ಮುರೀತು. ಮೂರನೇ ಸಲ ಹೆಪ್ಪಾಯ್ತು. ಕುರಿ ಮೊಸರಿನಷ್ಟು ಗಟ್ಟಿ ಇಲ್ಲ, ಆದ್ರೆ ಮೇಲೆ ಕೆನೆಯಂಗೆ ಒಂದು ಪದರ ಕಟ್ತೈತೆ. ಬೆಳ್ಳುಳ್ಳಿ ಒಗ್ಗರಣೆ ಕೊಟ್ರೆ ನಿಮ್ಮ ಮಗ ಎರಡು ಸಲ ಹಾಕಿಸ್ಕಂಡ್ರು, ಏನು ಅಂತ ಕೇಳಲೇ ಇಲ್ಲ. ನೀವು ಹೋದ ದಿನದಿಂದ ನಾನೂ ನಿಮ್ಮ ಪಥ್ಯದ ಊಟವನ್ನೇ ಉಣ್ತಿದೀನಿ. ನಿಮಗೆ ಇಕ್ಕಿದ್ದನ್ನ ನಾನು ಒಂದು ದಿನವೂ ತಿಂದು ನೋಡಿರಲಿಲ್ಲ ಅಂತ ಈಗ ಗೊತ್ತಾಯ್ತು. ಮೊದಲ ಒಂದು ವಾರ ಮುದ್ದೆ ವಾಸನೆಗೇ ಆಸೆಯಾಗಿ ತಲೆ ತಿರುಗೋದು. ನೀವು ಈರಕ್ಕನ ಮನೆಗೆ ಯಾಕೆ ಹೋದ್ರಿ ಅಂತ ಆವಾಗ ಅರ್ಥ ಆಯ್ತು.

ಬರೋ ಬುಧವಾರವಲ್ಲ, ಅದರ ಮುಂದಿನ ಬುಧವಾರ ಯುಗಾದಿ. ಅಲ್ಲಿ ಹೋಳಿಗೆ ಮಾಡ್ತಾರೆ, ನಿಂಗಕ್ಕ ತಾಯಿಗೆ ಇಲ್ಲ ಅನ್ನಲ್ಲ, ನೀವೂ ಬೇಡ ಅನ್ನಲ್ಲ. ಅದಕ್ಕೆ ಮುಂಚೆ, ಶನಿವಾರದ ಬಸ್ಸಿಗೆ ನಿಮ್ಮ ಮಗ ಅಲ್ಲಿಗೆ ಬರ್ತಾರೆ. ಅವರ ಜೊತೆ ಬಂದುಬಿಡ್ರಿ. ದಾರೀಲಿ ಚಿತ್ರದುರ್ಗಕ್ಕೆ ಹೋಗಿ ಕಾಲು ತೋರಿಸ್ಕಂಡೇ ಬರ್ರಿ, ನಾನೂ ಅಲ್ಲಿಗೇ ಬಂದಿರ್ತೀನಿ. ಬರ್ತಾ ಅಲ್ಲಿಯ ಶೇಂಗಾ ಎರಡು ಸೇರು ಹಿಡ್ಕಂಡು ಬರ್ರಿ, ಧರ್ಮಪುರದ ಕಾಯಲ್ಲಿ ಎಣ್ಣೆ ಜಾಸ್ತಿ, ಹಾಲು ಚೆನ್ನಾಗಿ ಬರ್ತೈತೆ. ನಿಂಗಕ್ಕನಿಗೆ, ಅಣ್ಣನಿಗೆ ನಮಸ್ಕಾರ, ಅವರ ಮಕ್ಕಳಿಗೆ ನನ್ನ ಮುತ್ತು. ನಿಮ್ಮ ಆಶೀರ್ವಾದ ನನ್ನ ಮೇಲಿಲ್ಲದಿದ್ರೂ ಮೊಮ್ಮಗಳ ಮೇಲಿರಲಿ.

ನಿಮ್ಮ ಮನೆಯ ಸೊಸೆ,
ಏಕನಾಥಮ್ಮ

ಮರೆತು ಬಿಟ್ಟಿದ್ದು: ಮರೆತಿಲ್ಲ ಅತ್ತೆಮ್ಮ, ಬರೆಯೋಕೆ ಧೈರ್ಯ ಬರಲಿಲ್ಲ. ಟಪಾಲಿಗೆ ಹಾಕೋರು ಬಾಗಿಲಲ್ಲಿ ನಿಂತವ್ರೆ, ಬೇಗ ಬರೀತೀನಿ. ಅವತ್ತು ಸೊಪ್ಪು ಬೆಂದಿತ್ತು. ಒಲೆ ಪಕ್ಕ ಮುಚ್ಚಿಟ್ಟಿದ್ದೆ. ಮೊಸರು ಮೊದಲು ಇಕ್ಕಬಾರದು ಅಂತ ನನಗೆ ಹೇಳಿಕೊಟ್ಟವರೇ ನೀವು, ನನಗೆ ಗೊತ್ತಿಲ್ಲದೆ ಹೆಂಗಿರ್ತೈತೆ. ಗ್ಯಾನ ತಪ್ಪಿ ಅಲ್ಲ, ಬೇಕು ಅಂತಲೇ ಇಕ್ಕಿದೆ. ಎದ್ದು ಹೋಗ್ಲಿ ಅಂತಲ್ಲ, ನನಗೆ ಉರಿದಂಗೆ ನಿಮಗೂ ಉರೀಲಿ ಅಂತ. ಊರೆಲ್ಲ ಪಾಪ ಅಂದಾಗ ಸುಮ್ಮನಿದ್ದೆ. ನಿಮಗೂ ಗೊತ್ತಾಗಿತ್ತು, ನನ್ನ ಮುಖ ನೋಡಿದ್ರಲ್ಲ, ಆದ್ರೂ ನಿಂಗಕ್ಕನ ಹತ್ರ ನೀವು ನನ್ನ ಮೇಲೆ ಒಂದು ಮಾತು ಹೇಳಿಲ್ಲವಂತೆ. ಅದನ್ನ ತಡಕಳ್ಳೋಕೆ ಆಗ್ತಿಲ್ಲ. ಅಣ್ಣ, ಇದನ್ನ ಮೆಲ್ಲಗೆ ಓದಬೇಡ್ರಿ, ಪಡಸಾಲೇಲಿ ಕುಂತೋರಿಗೆಲ್ಲ ಕೇಳೋ ಹಂಗೆ ಓದ್ರಿ. ಇಲ್ಲೂ ಈರಕ್ಕನಿಗೆ, ನಿಮ್ಮ ಮಗನಿಗೆ ನಾನೇ ಹೇಳ್ತೀನಿ. ತಪ್ಪು ನಂದು ಅತ್ತೆಮ್ಮ. ಬೈಯೋದಿದ್ರೆ ಬಂದು ಬೈರಿ, ನಿಮ್ಮ ಕಾಲು ತೊಳೀತಾ ಕೇಳ್ತೀನಿ.